ಸರಸ್ವತಿಯ ಮುಂದೆ ಉಳಿದ ಮತ

ಆರನೆಯ ತರಗತಿ ದಾಟದವಳು ನಾನು. ಆದರೂ ಲಾಟ್ವಿಯಾ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಕ್ಷೆಯಲ್ಲಿ ತಡಕಾಡದೆ ಬೆರಳಿಟ್ಟು ತೋರಿಸುತ್ತೇನೆ. ಮೇಲೆ ಎಸ್ಟೋನಿಯಾ, ಕೆಳಗೆ ಲಿಥುವೇನಿಯಾ, ನಡುವೆ ಅದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ರಷ್ಯಾ. ಇದನ್ನು ನನಗೆ ಕಲಿಸಿದ್ದು ಶಾಲೆಯಲ್ಲ. ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮ ಅಡುಗೆಮನೆಯ ಮೇಜಿನ ಮೇಲೆ ಮೂರು ಬ್ರೆಡ್ ತುಂಡು ಜೋಡಿಸಿ ಕಲಿಸಿದರು. ನಡುವಿನ ತುಂಡಿಗೆ ಮಾತ್ರ ಬೆಣ್ಣೆ ಸವರಿದರು.

ಆ ಅಜ್ಜಿಗೆ ಒಂದು ತಪ್ಪು ಮಾಡಿದೆ. ಅದಕ್ಕಿಂತ ದೊಡ್ಡದನ್ನು ನನ್ನ ತಂಗಿಗೆ ಮಾಡಿದೆ. ಎರಡನ್ನೂ ಬರೆದಿಡಬೇಕೆಂದು ಕೂತಿದ್ದೇನೆ. ಬರೆಯುವ ಅಭ್ಯಾಸ ಇಲ್ಲದವಳು, ಆದ್ದರಿಂದ ನಡೆದದ್ದನ್ನು ನಡೆದ ಹಾಗೇ ಹೇಳುತ್ತಾ ಹೋಗುತ್ತೇನೆ.

ನಮ್ಮನೆಯವರು ಅರ್ಚಕರು. ಶುಗರ್ ಲ್ಯಾಂಡ್ ಕಡೆಯ ಒಂದು ದೇವಸ್ಥಾನದಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಬಂದ ಮೊದಲ ವರ್ಷ ನಾನು ಮನೆಯಿಂದ ಹೊರಗೆ ಬರುತ್ತಿದ್ದದ್ದು ಹಿತ್ತಲಿಗೆ ಮಾತ್ರ. ಬೇಲಿಯ ಆಚೆ ಅಜ್ಜಿ ಸಬ್ಬಸಿಗೆ ಸೊಪ್ಪು ಬೆಳೆಯುತ್ತಿದ್ದರು. ಅಮೆರಿಕದ ಬಿಳಿ ಮುದುಕಿಯೊಬ್ಬರು ಇಷ್ಟೊಂದು ಸಬ್ಬಸಿಗೆ ಏನು ಮಾಡುತ್ತಾರೆ ಎಂದು ನನಗೆ ಕುತೂಹಲ. ಅವರಿಗೆ ನನ್ನ ಕರಿಬೇವಿನ ಕುಂಡದ ಮೇಲೆ ಕುತೂಹಲ. ಅವರ ಇಂಗ್ಲಿಷೂ ಅಷ್ಟಕ್ಕಷ್ಟೆ, ನನ್ನದು ಇನ್ನೂ ಅಷ್ಟಕ್ಕಷ್ಟೆ. ಇಬ್ಬರೂ ತಪ್ಪು ಮಾತಾಡುವುದರಿಂದ ಯಾರಿಗೂ ಸಂಕೋಚ ಇರಲಿಲ್ಲ. ನಾವು ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ ಎಂದು ನಾನು ಹೇಳಿದ ದಿನದಿಂದ ಅವರು ತಮ್ಮ ಹೆಸರನ್ನೇ ‘ಅಜ್ಜಿ’ ಎಂದು ಮಾಡಿಕೊಂಡರು. ಫೋನ್ ಮಾಡಿದರೆ “ಅಜ್ಜಿ ಸ್ಪೀಕಿಂಗ್” ಎನ್ನುತ್ತಿದ್ದರು.

ಹದಿನಾರರ ವಯಸ್ಸಿನಲ್ಲಿ, ಯುದ್ಧದ ಕೊನೆಯಲ್ಲಿ, ರಷ್ಯದ ಸೈನ್ಯ ಮತ್ತೆ ಬರುತ್ತಿದೆ ಎಂದು ತಂದೆತಾಯಿಯ ಜೊತೆ ದೋಣಿ ಹತ್ತಿ ಊರು ಬಿಟ್ಟವರು ಅವರು. ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿ ಕೆಲವು ವರ್ಷ, ಆಮೇಲೆ ಅಮೆರಿಕ. ಗಂಡ ಹೂಸ್ಟನ್ನಿನ ತೈಲ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ತೀರಿಕೊಂಡು ಬಹಳ ಕಾಲವಾಗಿತ್ತು. ಅಜ್ಜಿಗೆ ಒಬ್ಬಳು ತಂಗಿ. ದೋಣಿ ಹೊರಟ ವಾರ ಅವಳಿಗೆ ಜ್ವರ. ಅವಳನ್ನು ತಾಯಿಯ ತವರಿನಲ್ಲಿ ಬಿಟ್ಟು, “ಹದಿನೈದು ದಿನದಲ್ಲಿ ಬರುತ್ತೇವೆ” ಎಂದು ಹೇಳಿ ಹೊರಟರಂತೆ. ಅಕ್ಕತಂಗಿಯರು ಮತ್ತೆ ಮುಖ ನೋಡುವ ಹೊತ್ತಿಗೆ ಇಬ್ಬರಿಗೂ ಕೂದಲು ಬೆಳ್ಳಗಾಗಿತ್ತು.

ನನಗೂ ಒಬ್ಬಳು ತಂಗಿ. ಅವಳಿಗೂ ನನಗೂ ಹನ್ನೆರಡು ವರ್ಷದ ಅಂತರ. ಅವಳು ಹುಟ್ಟಿದ ಮೇಲೆ ನಮ್ಮಮ್ಮ ಎರಡು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ. ಮಗುವನ್ನು ನೋಡಿಕೊಳ್ಳುವುದಕ್ಕೆ ನನ್ನನ್ನು ಶಾಲೆ ಬಿಡಿಸಿದರು. ಬಿಡಿಸಿದರು ಎಂದು ನಾನು ಅತ್ತದ್ದು ನೆನಪಿಲ್ಲ; ಶಾಲೆಗಿಂತ ಅವಳೇ ಚೆನ್ನಾಗಿದ್ದಳು. ಆದರೆ ಬುದ್ಧಿ ಬಂದ ಮೇಲೆ ಅವಳಿಗೆ ಅದು ಒಳಗೇ ಚುಚ್ಚುತ್ತಿತ್ತು. ನನ್ನ ಎದುರು ತನ್ನ ಓದಿನ ಮಾತು ಎತ್ತುವಾಗ ದನಿ ತಗ್ಗಿಸುತ್ತಿದ್ದಳು. ಇತಿಹಾಸ ಓದಲು ಆಸ್ಟಿನ್ ವಿಶ್ವವಿದ್ಯಾಲಯಕ್ಕೆ ಬಂದ ವರ್ಷ ಅವಳು ಮಾಡಿದ ಮೊದಲ ಕೆಲಸ ನನಗೆ ಇಂಗ್ಲಿಷ್ ಅಕ್ಷರ, ಅಂಕಿ, ರಸ್ತೆ ಫಲಕ, ವಿಳಾಸ ಓದುವುದನ್ನು ಕಲಿಸಿದ್ದು. ನಾನು ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲ್ ಆಗಿ ಮೂರನೆಯ ಸಲ ಪಾಸಾದಾಗ ನನಗಿಂತ ಹೆಚ್ಚು ಕುಣಿದವಳು ಅವಳು.

“ನೋಡಕ್ಕ, ನೀನೀಗ ಓದು ಬಂದವಳು. ಇನ್ಮೇಲೆ ‘ನಂಗೇನ್ ಗೊತ್ತಾಗತ್ತೆ’ ಅಂತ ರಾಗ ಎಳೆಯೋ ಹಾಗಿಲ್ಲ.”

“ಎಳೆದ್ರೆ?”

“ಎಳೆದ್ರೆ ಇಂಪೋಸಿಷನ್. ನೂರು ಸಲ ‘ಸ್ಟಾಪ್’ ಅಂತ ಬರೆಸ್ತೀನಿ.”

ತಿಂಗಳಿಗೆ ಎರಡು ಸಲ ಶನಿವಾರ ಭಾನುವಾರ ಅವಳು ಆಸ್ಟಿನ್ನಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಜ್ಜಿಯನ್ನು ಪರಿಚಯ ಮಾಡಿಸಿದವಳು ನಾನೇ. ಒಂದು ಗಂಟೆ ಮಾತಾಡಿದ್ದೇ ತಡ, ತನ್ನ ದೊಡ್ಡ ಪ್ರಬಂಧಕ್ಕೆ ವಿಷಯ ಸಿಕ್ಕಿತು ಎಂದು ಓಡಿ ಬಂದಳು. ಒಂದು ಪುಟ್ಟ ದೇಶ ಐವತ್ತು ವರ್ಷ ನಕ್ಷೆಯಿಂದಲೇ ಅಳಿಸಿಹೋಗಿ, ಮತ್ತೆ ಹೇಗೆ ಎದ್ದು ಬಂತು, ಬಂದ ಮೇಲೆ ಮತ ಹಾಕುವುದನ್ನು ಹೇಗೆ ಮತ್ತೆ ಅಭ್ಯಾಸ ಮಾಡಿಕೊಂಡಿತು ಎನ್ನುವುದು.

ಅಲ್ಲಿಂದ ಅವಳ ಶನಿವಾರಗಳು ಪಕ್ಕದ ಮನೆಗೆ ಸೇರಿದವು. ನಾನು ಬಿಸಿಬೇಳೆಬಾತ್ ಮಾಡಿ ಕಾಯುವುದು, ಅವಳು ಅಜ್ಜಿಯ ಮನೆಯಲ್ಲಿ ಕಪ್ಪು ಬ್ರೆಡ್ಡು ತಿಂದು ಹೊಟ್ಟೆ ತುಂಬಿತು ಎಂದು ಬರುವುದು. ಕೊನೆಗೆ ನಾನೂ ಪಾತ್ರೆ ಎತ್ತಿಕೊಂಡು ಅಲ್ಲಿಗೇ ಹೋಗಿ ಕೂರತೊಡಗಿದೆ.

ಅಜ್ಜಿ ಹೇಳುವುದನ್ನು ಕೇಳಲು ಚೆನ್ನಾಗಿಯೂ ಇತ್ತು. ಆ ಇಬ್ಬರೂ ಅಕ್ಕತಂಗಿಯರು ಸಣ್ಣವರಿದ್ದಾಗ ಅವರ ದೇಶಕ್ಕೆ ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷವೂ ತುಂಬಿರಲಿಲ್ಲವಂತೆ. ಆಮೇಲೆ ರಷ್ಯ ನುಂಗಿತು, ಜರ್ಮನಿ ಬಂತು, ಮತ್ತೆ ರಷ್ಯ. ಅಜ್ಜಿ ತಂದೆಯ ಹಳೆಯ ಪಾಸ್‌ಪೋರ್ಟನ್ನು ಮೇಜುಬಟ್ಟೆಗಳ ನಡುವೆ ಇಟ್ಟಿದ್ದರು. “ದೇಶ ಇಲ್ಲ, ಪಾಸ್‌ಪೋರ್ಟ್ ಇದೆ” ಎಂದು ನಗುತ್ತಿದ್ದರು. ಎಂಬತ್ತೊಂಬತ್ತರ ಆಗಸ್ಟಿನ ಒಂದು ಸಂಜೆ ಮೂರೂ ದೇಶಗಳ ಜನ ಮನೆಯಿಂದ ಹೊರಗೆ ಬಂದು, ಒಂದು ರಾಜಧಾನಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ರಸ್ತೆಯ ಉದ್ದಕ್ಕೂ ಕೈ ಕೈ ಹಿಡಿದು ನಿಂತರು. ಅಜ್ಜಿಯ ತಂಗಿ ತಮ್ಮ ರಾಜಧಾನಿ ರಿಗಾದ ಹೊರಗೆ ಒಂದು ಹುಲ್ಲುಗಾವಲಿನ ಪಕ್ಕ ನಿಂತಿದ್ದಳು. ಎಡಗಡೆ ನಿಂತವಳು ಹಾಲು ಕರೆದು ನೇರ ಓಡಿಬಂದವಳು, ಕೈ ಇನ್ನೂ ಒದ್ದೆಯಾಗಿತ್ತು ಎಂದು ಮುಂದೆ ಅಕ್ಕನಿಗೆ ಬರೆದಿದ್ದಳಂತೆ.

“ಕೈ ಹಿಡಿದುಕೊಂಡರೆ ಸರ್ಕಾರ ಬೀಳುತ್ತದಾ ಅಜ್ಜಿ?” ಎಂದು ನಾನು ಕೇಳಿದೆ.

“ಬೀಳಲ್ಲ. ಆದರೆ ಪಕ್ಕದವಳೂ ಬಂದಿದಾಳೆ ಅಂತ ಗೊತ್ತಾಗುತ್ತೆ. ಐವತ್ತು ವರ್ಷ ನಮಗೆ ಅದೇ ಗೊತ್ತಿರಲಿಲ್ಲ.”

ತೊಂಬತ್ತೊಂದರ ಜನವರಿಯಲ್ಲಿ ರಷ್ಯದ ಟ್ಯಾಂಕುಗಳು ಬರುತ್ತವೆ ಎಂದು ಹಳ್ಳಿಯವರು ಟ್ರ್ಯಾಕ್ಟರು, ಮರ ಸಾಗಿಸುವ ಲಾರಿಗಳನ್ನು ತಂದು ರಿಗಾದ ಬೀದಿಗಳಿಗೆ ಅಡ್ಡ ನಿಲ್ಲಿಸಿದರು. ಬೀದಿಯಲ್ಲೇ ಬೆಂಕಿ ಹಾಕಿಕೊಂಡು ಕಾವಲು ಕೂತರು, ಹಾಡಿದರು. ಕೆಲವರು ಸತ್ತರು ಕೂಡ. ಅಜ್ಜಿಯ ತಂಗಿ, ಮಕ್ಕಳು ಹಿಮದ ಮೇಲೆ ಜಾರಲು ಬಳಸುವ ಗಾಡಿಗೆ ಸೂಪಿನ ಹಂಡೆ ಕಟ್ಟಿ ಎಳೆದುಕೊಂಡು ದಿನವೂ ಅಲ್ಲಿಗೆ ಹೋದಳು. ನಮ್ಮ ಗುಗ್ಗರಿಯ ಹಾಗೆ ಬೇಯಿಸಿದ ಬಟಾಣಿಯನ್ನೂ ಒಯ್ಯುತ್ತಿದ್ದಳಂತೆ. ಅದೇ ವರ್ಷದ ಆಗಸ್ಟಿನಲ್ಲಿ ದೇಶ ಪೂರ್ತಿ ಕೈಗೆ ಬಂತು.

ತೊಂಬತ್ತಮೂರರಲ್ಲಿ ಮೊದಲ ಚುನಾವಣೆ. ದೇಶ ಬಿಟ್ಟು ಹೋಗಿದ್ದವರಿಗೂ ಮತ ಇತ್ತು. ಅಕ್ಕ ಅಮೆರಿಕದಲ್ಲಿ ಹಾಕಿದಳು, ತಂಗಿ ರಿಗಾದಲ್ಲಿ ಹಾಕಿದಳು. ಹಾಕಿ ಬಂದು ತಂಗಿ ಫೋನ್ ಮಾಡಿ ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಿದಳು. “ನಾನು ಹಾಕಿದೆ” ಎಂದು. ಅಕ್ಕನೂ ಅದನ್ನೇ ಹೇಳಿದಳು. ಆಮೇಲೆ ಇಬ್ಬರೂ ಅತ್ತರು. ಅಲ್ಲಿಂದ ಪ್ರತಿ ಚುನಾವಣೆಯ ದಿನವೂ ಇದೇ ಪದ್ಧತಿ. ಫೋನ್ ಮಾಡುವುದು, ಆ ಎರಡು ಮಾತು ಹೇಳುವುದು. ಯಾರಿಗೆ ಹಾಕಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲವಂತೆ. “ಕೇಳಿದ್ದರೆ ಜಗಳ ಆಗುತ್ತಿತ್ತು” ಎಂದರು ಅಜ್ಜಿ.

2012ರಲ್ಲಿ ಆ ತಂಗಿ ತೀರಿಕೊಂಡಳು. 2014ರ ಅಕ್ಟೋಬರಿನದು ಅವಳಿಲ್ಲದ ಮೊದಲ ಚುನಾವಣೆ.

ಆ ಬೇಸಿಗೆಯಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿತ್ತು. ವಾಕರ್ ಹಿಡಿದು ಅಡುಗೆಮನೆಗೆ ಬರುವುದೇ ದೊಡ್ಡದು. ಹೀಗಾಗಿ ಅಂಚೆಯಲ್ಲಿ ಮತ ಕಳಿಸಲು ಕಾಗದಗಳನ್ನು ತರಿಸಿಕೊಂಡಿದ್ದರು. ಒಂದೊಂದು ಪಕ್ಷಕ್ಕೆ ಒಂದೊಂದು ಹಾಳೆ. ಬೇಕಾದ ಒಂದೇ ಹಾಳೆಯನ್ನು ಕವರಿಗೆ ಹಾಕಬೇಕು. ಆ ಹಾಳೆಯಲ್ಲಿ ಇಷ್ಟವಾದವರ ಹೆಸರಿನ ಮುಂದೆ ಕೂಡುವ ಗುರುತು ಹಾಕಬಹುದು, ಇಷ್ಟವಿಲ್ಲದವರ ಹೆಸರಿನ ಮೇಲೆ ಗೀಟು ಎಳೆಯಬಹುದು. ಗೀಟು ಎಳೆಯುವಾಗ ಅಜ್ಜಿಯ ಮುಖ ನೋಡಬೇಕಿತ್ತು. ಹಾಗಲಕಾಯಿ ಹೆಚ್ಚುವವರ ಹಾಗೆ ತುಟಿ ಬಿಗಿದು, ಒಂದೊಂದನ್ನೇ.

ಅದು ಭಾನುವಾರ. ಬರುವ ಶನಿವಾರ ಅಲ್ಲಿ ಮತದಾನ. ಅಷ್ಟರೊಳಗೆ ಕವರು ವಾಷಿಂಗ್ಟನ್ನಿನ ರಾಯಭಾರ ಕಚೇರಿಗೆ ತಲುಪಬೇಕು. ಅಜ್ಜಿಯ ಕೈ ನಡುಗುತ್ತಿದ್ದರಿಂದ ವಿಳಾಸವನ್ನು ನನ್ನ ತಂಗಿ ಬರೆದಳು. ಚಿಕ್ಕಂದಿನಿಂದ ಅವಳಿಗೆ ಅಂಕಿಗಳು ತಿರುಗಾಮುರುಗಾ ಆಗುತ್ತವೆ. ಹದಿನೇಳು ಬರೆಯಲು ಹೋಗಿ ಎಪ್ಪತ್ತೊಂದು ಬರೆದು ಪೆಟ್ಟು ತಿಂದವಳು. ಅದಕ್ಕೆ ಅಜ್ಜಿ ಕೊಟ್ಟ ವಿಳಾಸದ ಚೀಟಿಯನ್ನು ಎರಡು ಸಲ ನೋಡಿ ಬರೆದಳು.

“ಬೀದಿಯ ಡಬ್ಬಕ್ಕೆ ಹಾಕಬೇಡಿ” ಎಂದರು ಅಜ್ಜಿ. “ಪೋಸ್ಟಾಫೀಸಿನಲ್ಲಿ, ಮನುಷ್ಯರ ಕೈಗೆ.” ರಷ್ಯದ ಕಾಲದಲ್ಲಿ ತಮ್ಮ ತಂಗಿಗೆ ಬರೆದ ಎಷ್ಟೋ ಕಾಗದಗಳು ತಲುಪದೆ ಹೋದದ್ದರಿಂದ ಅವರಿಗೆ ಡಬ್ಬಗಳ ಮೇಲೆ ನಂಬಿಕೆ ಇರಲಿಲ್ಲ.

ಭಾನುವಾರ ಪೋಸ್ಟಾಫೀಸು ಇಲ್ಲ. ತಂಗಿ ಸಂಜೆಯ ಬಸ್ಸಿಗೆ ಹೊರಡಬೇಕು. ಕವರು ಮುದುಡದಿರಲಿ ಎಂದು ನಮ್ಮ ಮನೆಯಲ್ಲಿ ಬಿಟ್ಟಿದ್ದ ತನ್ನ ದಪ್ಪ ಇತಿಹಾಸದ ಪುಸ್ತಕದ ನಡುವೆ ಇಟ್ಟು, “ಅಕ್ಕ, ನಾಳೆ ಬೆಳಿಗ್ಗೆನೇ ಕೊಟ್ಟು ಬಾ. ಮರೀಬೇಡ್ವೆ. ನಿಂಗೆ ಕೈಮುಗೀತೀನಿ” ಎಂದಳು.

“ಕೈ ಮುಗಿಯೋಕೆ ನಾನೇನ್ ದೇವ್ರಾ? ಹೋಗ್ತೀನಿ ಹೋಗು.”

ಸೋಮವಾರ ನಾನು ಹೋಗಲಿಲ್ಲ. ನವರಾತ್ರಿ ನಡೆಯುತ್ತಿತ್ತು. ದೇವಸ್ಥಾನಕ್ಕೆ ಪ್ರತಿದಿನ ಗುಗ್ಗರಿ, ಕೋಸಂಬರಿ ಮಾಡಿ ಕೊಡುವ ಕೆಲಸ ನನ್ನದು. ನಾಳೆ ಹೋದರಾಯಿತು ಎಂದುಕೊಂಡೆ. ಕೆಲಸ ಇದ್ದದ್ದು ನಿಜ. ಆದರೆ ಪೋಸ್ಟಾಫೀಸು ಹತ್ತು ನಿಮಿಷದ ದಾರಿ ಎನ್ನುವುದೂ ನಿಜ. ಹಿಂದಿನ ದಿನ ತಂಗಿಗೆಂದು ಮಾಡಿದ್ದ ಹೋಳಿಗೆಯನ್ನು ಅವಳು ಅಜ್ಜಿಯ ಮನೆಗೆ ಕಟ್ಟಿಸಿಕೊಂಡು ಹೋಗಿ ಅಲ್ಲೇ ತಿಂದಿದ್ದಳು. ಅದು ನನಗೆ ಹೊಟ್ಟೆಯಲ್ಲಿ ಕೂತಿತ್ತು. ಬರುವುದು ನನ್ನನ್ನು ನೋಡಲಿಕ್ಕೋ, ಅಜ್ಜಿಯ ದೇಶವನ್ನು ನೋಡಲಿಕ್ಕೋ ಎಂದು ಗೊಣಗಿಕೊಳ್ಳುತ್ತಾ ಬೇಳೆ ನೆನೆಹಾಕಿದೆ.

ಮಂಗಳವಾರ ಸರಸ್ವತಿ ಪೂಜೆ. ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಪೇರಿಸಿ, ರವಿಕೆಕಣ ಹೊದಿಸಿ, ಮೇಲೆ ವೀಣೆಯ ಚಿತ್ರವಿಟ್ಟು ಪೂಜೆ ಮಾಡುವುದು ನಮ್ಮ ಪದ್ಧತಿ. ಇಟ್ಟ ಮೇಲೆ ವಿಜಯದಶಮಿಯ ದಿನ ಮರುಪೂಜೆ ಮಾಡಿ ಕದಲಿಸುವ ತನಕ ಯಾರೂ ಮುಟ್ಟಬಾರದು, ಓದಬಾರದು, ಬರೆಯಬಾರದು. ಶಾಲೆ ಬಿಟ್ಟ ನನಗೆ ವರ್ಷದಲ್ಲಿ ಇದೊಂದು ದಿನ ಪುಸ್ತಕಗಳ ಮೇಲೆ ಅಧಿಕಾರ. ಮಗಳ ಶಾಲೆಯ ಪುಸ್ತಕ, ನಮ್ಮನೆಯವರ ಪಂಚಾಂಗ, ತಂಗಿಯ ದಪ್ಪ ಪುಸ್ತಕ, ಎಲ್ಲವನ್ನೂ ಎತ್ತಿ ಇಟ್ಟೆ. ಅರಿಶಿನ ಕುಂಕುಮ ಇಟ್ಟೆ. ಮಂಗಳಾರತಿ ಮಾಡಿದೆ. ಪೋಸ್ಟಾಫೀಸಿಗೆ ಹೊರಡೋಣ ಎಂದು ಕಾರಿನ ಬೀಗದ ಕೈ ತೆಗೆದುಕೊಂಡಾಗ ಹೊಳೆಯಿತು, ಕವರು ಆ ಪುಸ್ತಕದ ಒಳಗಿದೆ.

ಅಲ್ಲಿಯವರೆಗೆ ನಡೆದದ್ದನ್ನು ಮರೆವು ಎನ್ನಬಹುದು. ಮುಂದಿನದು ಮರೆವಲ್ಲ.

ನಮ್ಮನೆಯವರು ಅರ್ಚಕರು. ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ “ನಿನ್ನೆ ಯಾಕೆ ಹೋಗಲಿಲ್ಲ?” ಎಂದು ಕೇಳುತ್ತಾರೆ. ದೇವಿಯ ಮುಂದೆ ಇಟ್ಟದ್ದನ್ನು ನಾನೇ ಎಳೆಯಲು ಕೈ ಬರಲಿಲ್ಲ. ಅದು ಭಕ್ತಿಯೇ. ಆದರೆ ಭಕ್ತಿಯ ಕೆಳಗೆ ಆ ಹೋಳಿಗೆಯೂ ಇತ್ತು. ಅಷ್ಟು ದೂರದ ದೇಶಕ್ಕೆ ಒಂದು ಮತ ಹೋದರೆಷ್ಟು ಬಿಟ್ಟರೆಷ್ಟು ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಸೂಪಿನ ಹಂಡೆ ಎಳೆದವಳ ಕತೆಯನ್ನು ಅಷ್ಟು ಸಲ ಕೇಳಿದ್ದವಳು ನಾನು.

ಸಂಜೆ ತಂಗಿಯ ಫೋನ್ ಬಂತು.

“ಅಕ್ಕ, ಪೋಸ್ಟ್ ಆಯ್ತಾ?”

“ಹೂಂ. ಆಯ್ತು.”

“ಕೌಂಟರಲ್ಲೇ ಕೊಟ್ಯಾ?”

“ಕೊಟ್ಟೆ ಕಣೇ. ಎಷ್ಟ್ ಸಲ ಕೇಳ್ತೀಯಾ.”

ಶುಕ್ರವಾರ ವಿಜಯದಶಮಿ. ಬೆಳಿಗ್ಗೆ ಮರುಪೂಜೆ ಮಾಡಿ ಕದಲಿಸಿ, ಪುಸ್ತಕ ತೆಗೆದೆ. ಕವರಿನ ಮೂಲೆಗೆ ಕುಂಕುಮ ಹತ್ತಿತ್ತು. ಒರೆಸಿದರೆ ಇನ್ನೂ ಹರಡಿತು. ಪೋಸ್ಟಾಫೀಸಿಗೆ ಹೋಗಿ ಸಾಲಿನಲ್ಲಿ ನಿಂತಾಗ ಕವರಿನ ಮೇಲಿನ ವಿಳಾಸವನ್ನು ಓದಿದೆ. ತಂಗಿ ಕಲಿಸಿದ್ದ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಕೊನೆಯ ಐದು ಅಂಕಿಗಳನ್ನು ಕವರಿನ ಜೊತೆಗೇ ಇದ್ದ ಅಜ್ಜಿಯ ಚೀಟಿಯೊಂದಿಗೆ ಹೋಲಿಸಿಯೂ ನೋಡಿ, ಕೌಂಟರಿನಲ್ಲಿ ಕೊಟ್ಟು ಬಂದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಮರುದಿನ, ಮತದಾನದ ಶನಿವಾರ, ಬನ್ನಿ ಎಲೆಯ ಬದಲು ಹಿತ್ತಲ ಯಾವುದೋ ಎಲೆ, ಒಂದು ಡಬ್ಬಿ ಕೊಬ್ಬರಿಮಿಠಾಯಿ ಹಿಡಿದು ಅಜ್ಜಿಯ ಮನೆಗೆ ಹೋದೆ. ಅವರು ಒಳ್ಳೆಯ ಉಡುಪು ಹಾಕಿಕೊಂಡು, ಕೊರಳಿಗೆ ತಮ್ಮ ಊರಿನ ಜೇನುಬಣ್ಣದ ಮಣಿಸರ ಹಾಕಿಕೊಂಡು, ತೀರಿಕೊಂಡ ತಮ್ಮ ತಂಗಿಯ ಫೋಟೊದ ಮುಂದೆ ಕೂತಿದ್ದರು. ಫೋನ್ ಮಾಡುವುದಕ್ಕೆ ಯಾರೂ ಇಲ್ಲವಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಫೋಟೊ ಕಡೆ ಬಾಗಿ ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಿದರು. ಆ ಭಾಷೆ ನನಗೆ ಬರುವುದಿಲ್ಲ. ಆದರೆ ಏನು ಹೇಳಿದರೆಂದು ನನಗಿಂತ ಚೆನ್ನಾಗಿ ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸೋಮವಾರ ಅವರು ರಾಯಭಾರ ಕಚೇರಿಗೆ ಫೋನ್ ಮಾಡಿ ವಿಚಾರಿಸಿದರು. ಕವರು ಸಮಯಕ್ಕೆ ಬಂದಿಲ್ಲ ಎಂದರಂತೆ. ಅಜ್ಜಿ ನನ್ನ ಮುಂದೆ ಅಳಲಿಲ್ಲ. “ಕಾಗದಗಳಿಗೆ ನನ್ನ ಮೇಲೆ ಕೋಪ” ಎಂದಷ್ಟೇ ಹೇಳಿದರು. ತಂಗಿ ಮಾತ್ರ ಕಂಗಾಲಾದಳು. ಅವಳಿಗೆ ನನ್ನ ಮೇಲೆ ಅನುಮಾನ ಬರಲೇ ಇಲ್ಲ. ಬಂದದ್ದು ತನ್ನ ಮೇಲೆ.

“ಅಕ್ಕ, ನಾನೇ ಏನೋ ಎಡವಟ್ ಮಾಡಿದೀನಿ. ಜಿಪ್ ಕೋಡ್ ತಿರುಗಿಸಿ ಬರ್ದಿರ್ತೀನಿ. ಎಲ್ಲೆಲ್ಲೋ ಸುತ್ತಾಡ್ಕೊಂಡು ಹೋಗಿದೆ ಅದು. ನೀನು ಕೊಡುವಾಗ ನೋಡಿದ್ಯಾ? ಕೊನೇ ನಂಬರ್‌ಗಳು ಸರಿ ಇದ್ವಾ?”

ಆಗ ನಾನು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

“ನಂಗೇನ್ ಗೊತ್ತಾಗತ್ತಮ್ಮ. ಓದು ಬರದವಳು ನಾನು.”

ಆ ಕಡೆ ಅವಳು ಇಂಪೋಸಿಷನ್ ಎನ್ನಲಿಲ್ಲ. ನನ್ನ ಶಾಲೆಯ ಮಾತು ಬಂದರೆ ಅವಳ ಬಾಯಿ ಕಟ್ಟಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅವಳು ಕೂತು ಕಲಿಸಿದ್ದನ್ನೇ ಇಲ್ಲ ಎಂದು ಹೇಳಿ, ಅದರ ಹಿಂದೆ ಅಡಗಿಕೊಂಡೆ. ಸುಳ್ಳು ಹೇಳಿದ್ದಕ್ಕಿಂತ, ಪೋಸ್ಟ್ ಮಾಡದೆ ಹೋದದ್ದಕ್ಕಿಂತ ನನ್ನನ್ನು ತಿಂದದ್ದು ಇದು.

ಅವಳು ಅಜ್ಜಿಯ ಎದುರು ಹೋಗಿ ಕ್ಷಮೆ ಕೇಳಿದಳು. ಅಜ್ಜಿ ಅವಳ ಕೆನ್ನೆ ತಟ್ಟಿ ಸೂಪು ಕೊಟ್ಟರು. ನಾನು ಪಕ್ಕದಲ್ಲಿ ಕೂತು ಅದೇ ಸೂಪು ಕುಡಿದೆ.

ಅವಳ ಓದು ಮುಗಿಯಿತು. ಡಲ್ಲಾಸ್ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಲಿಟಲ್ ಎಲ್ಮ್‌ನಲ್ಲಿ ಮನೆ ಮಾಡಿದಳು. ನಾನು ಅಲ್ಲಿಗೆ ಹೋದಾಗಲೆಲ್ಲ ಒಂದು ವಿಷಯ ಗಮನಿಸುತ್ತಿದ್ದೆ. ಯಾವ ಕವರಿನ ಮೇಲೆ ವಿಳಾಸ ಬರೆದರೂ, ಯಾವ ಫಾರಂ ತುಂಬಿದರೂ, ಅಂಕಿಗಳನ್ನು ಗಟ್ಟಿಯಾಗಿ ಹೇಳಿಕೊಂಡು ಮೂರು ಸಲ ನೋಡುವಳು. ಆಮೇಲೆ ಪಕ್ಕದಲ್ಲಿ ಇದ್ದವರ ಕೈಗೆ ಕೊಟ್ಟು “ನೀವೊಂದ್ಸಲ ನೋಡಿ” ಎನ್ನುವಳು. ನನ್ನ ಕೈಗೆ ಮಾತ್ರ ಕೊಡುತ್ತಿರಲಿಲ್ಲ. ನನಗೆ ನೋವಾದೀತು ಎಂದು.

2018ರ ಸೆಪ್ಟೆಂಬರಿನಲ್ಲಿ ಅಜ್ಜಿಗೆ ಮತ್ತೆ ಮತದ ಕಾಗದಗಳು ಬಂದವು. ಅವರಿಗಾಗ ತೊಂಬತ್ತು. “ನಿನ್ನ ತಂಗಿಯನ್ನು ಕರೆಸು. ಅವಳೇ ವಿಳಾಸ ಬರೆಯಬೇಕು. ಹೋದ ಸಲದ್ದು ಅವಳ ಮನಸ್ಸಿನಿಂದ ಹೋಗಬೇಕಲ್ಲ” ಎಂದರು. ನಾನು ಫೋನ್ ಮಾಡಿದೆ.

“ಬೇಡಕ್ಕ” ಎಂದಳು. “ಭಾವನ ಹತ್ರ ಬರೆಸು. ನನ್ನ ಕೈ ಬೇಡ. ತೊಂಬತ್ತು ವರ್ಷ ಅವ್ರಿಗೆ. ಇನ್ನೊಂದ್ ಸಲ ಹಾಳ್ ಮಾಡಕ್ಕೆ ನನ್ ಕೈಲಾಗಲ್ಲ.”

ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒಲೆ ಆರಿಸಿದೆ. ಆರಿಸಿ, ಎಲ್ಲ ಹೇಳಿದೆ. ಸೋಮವಾರ ಹೋಗದೆ ಇದ್ದದ್ದು, ಮಣೆ, ರವಿಕೆಕಣ, ಶುಕ್ರವಾರ, ಕುಂಕುಮ. ಹೋಳಿಗೆಯ ಮಾತನ್ನೂ ಬಿಡಲಿಲ್ಲ.

ಕಟ್ ಆಯಿತೇನೋ ಎಂದು ಫೋನ್ ನೋಡಿದೆ. ಆಗಿರಲಿಲ್ಲ.

“ಅಕ್ಕ.”

“ಹೇಳೆ.”

“ಹಾಗಾದ್ರೆ ನಾನು ಸರಿಯಾಗೇ ಬರ್ದಿದ್ನಾ?”

“ಸರಿಯಾಗೇ ಬರ್ದಿದ್ದೆ. ಐದು ನಂಬರ್ರೂ ನೋಡ್ದೆ ನಾನು. ಒಂದೂ ತಪ್ಪಿರ್ಲಿಲ್ಲ.”

ಫೋನ್ ಇಟ್ಟಳು. ಒಂಬತ್ತು ದಿನ ಮಾತಾಡಲಿಲ್ಲ.

ನಮ್ಮನೆಯವರಿಗೂ ಅಂದೇ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆಯೆತ್ತಿ, “ಅಯ್ಯೋ, ಕೇಳಿದ್ರೆ ಎರಡು ಅಕ್ಷತೆ ಹಾಕಿ ನಾನೇ ತೆಗೆದುಕೊಡ್ತಿದ್ನಲ್ಲೇ. ಸರಸ್ವತಿಗೆ ಏನು, ಕಾಗದ ಹೋಗಬೇಕಾದ ಕಡೆ ಹೋಗೋದು ಬೇಡವಾ?” ಎಂದರು. ಅಷ್ಟೇ. ನಾಲ್ಕು ವರ್ಷ ನಾನು ಕೇಳದೆ ಉಳಿದ ಪ್ರಶ್ನೆಗೆ ಮಜ್ಜಿಗೆ ಅನ್ನ ಕಲಸುತ್ತಾ ಉತ್ತರ ಕೊಟ್ಟರು.

ಮರುದಿನ ಅಜ್ಜಿಯ ಹತ್ತಿರ ಹೋಗಿ ಹೇಳಿದೆ. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಪುಸ್ತಕಗಳಿಗೆ ಪೂಜೆ ಎನ್ನುವುದನ್ನು ತಿಳಿಸುವುದಕ್ಕೇ ಕಾಲು ಗಂಟೆ ಹಿಡಿಯಿತು. ಅವರು ಫೋಟೊ ಕಡೆ ಒಂದು ಸಲ ನೋಡಿದರು. “ನನ್ನ ಬಾಯಿಂದ ಅವಳಿಗೆ ಸುಳ್ಳು ಹೇಳಿಸಿದೆ” ಎಂದರು. ಅವರು ನನ್ನ ಮೇಲೆ ಸಿಟ್ಟಾದದ್ದು ಆ ಒಂದು ಮಾತಿನಲ್ಲಿ ಮಾತ್ರ. ಆಮೇಲೆ ಮೇಜಿನ ಮೇಲಿದ್ದ ಮತದ ಹಾಳೆಯನ್ನು, ಪೆನ್ನನ್ನು ಹತ್ತಿರ ಎಳೆದುಕೊಂಡರು. ಪೆನ್ನನ್ನು ನನ್ನ ಮೂಗಿನ ಮುಂದೆ ಹಿಡಿದರು.

“ನಿನಗೆ ಪ್ಲಸ್ ಇಲ್ಲ” ಎಂದರು.

ನಾನು ತಲೆ ತಗ್ಗಿಸಿದೆ.

“ಗೀಟೂ ಇಲ್ಲ. ಪಟ್ಟಿಯಲ್ಲಿ ಹಾಗೇ ಇರು.”

ಒಂಬತ್ತು ದಿನ ಕಳೆದು ಶನಿವಾರ ಬೆಳಿಗ್ಗೆ ತಂಗಿಯ ಕಾರು ಬಂತು. ಡಲ್ಲಾಸಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದಳು. ಕಾರು ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ. ನಾನು ಕಿಟಕಿಯಲ್ಲಿ ನಿಂತು ಅವಳು ಅಜ್ಜಿಯ ಬಾಗಿಲು ತಟ್ಟುವುದನ್ನು ನೋಡಿದೆ. ಈ ಸಲ ಹೊಟ್ಟೆ ಉರಿಯಲಿಲ್ಲ. ಅರ್ಧ ಗಂಟೆ ಬಿಟ್ಟು ಫೋನ್ ಬಂತು.

“ಅಜ್ಜಿ ಸ್ಪೀಕಿಂಗ್. ಕಾರಿನ ಕೀ ತೆಗೆದುಕೊಂಡು ಬಾ.”

ಹೋದಾಗ ತಂಗಿ ವಿಳಾಸ ಬರೆದು ಮುಗಿಸಿದ್ದಳು. ನನ್ನ ಮುಖ ನೋಡಲಿಲ್ಲ. ನಾನು ಕವರಿಗೆ ಕೈ ಚಾಚಿದೆ.

“ಕೊಡಲ್ಲ. ನಿನ್ ಕೈಗಾ? ಮನೇಲಿ ಇನ್ಯಾವ ದೇವ್ರನ್ನ ಕೂರ್ಸಿದೀಯೋ ಏನೋ.”

“ನವರಾತ್ರಿ ಇನ್ನೂ ಬಂದಿಲ್ಲ ಕಣೇ.”

“ಗೊತ್ತು. ಪಂಚಾಂಗ ನೋಡ್ಕೊಂಡೇ ಬಂದಿದೀನಿ.”

ನಾನೇ ಡ್ರೈವ್ ಮಾಡಿದೆ. ಅವಳು ಕವರನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಪೋಸ್ಟಾಫೀಸಿನಲ್ಲಿ ಸಾಲು ದೊಡ್ಡದಿತ್ತು. ನಮ್ಮ ಮುಂದೆ ಇನ್ನು ಮೂವರು ಇದ್ದಾಗ ಅವಳು ಕವರನ್ನು ನನ್ನ ಮುಂದೆ ಹಿಡಿದಳು.

“ಓದು.”

“ಇಲ್ಲೇನಾ?”

“ಇಲ್ಲೇ. ಗಟ್ಟಿಯಾಗಿ.”

“ಜನ ನೋಡ್ತಾರೆ ಕಣೇ.”

“ನೋಡ್ಲಿ. ಓದು ಬಂದವಳು ತಾನೆ? ಓದು.”

ಓದಿದೆ. ಬೀದಿಯ ಹೆಸರು, ನಗರದ ಹೆಸರು. ಆಮೇಲೆ ಐದೂ ಅಂಕಿಗಳು, ಒಂದೊಂದಾಗಿ. ಮುಂದೆ ನಿಂತಿದ್ದ ಟೋಪಿ ಹಾಕಿದ ಮನುಷ್ಯ ತಿರುಗಿ ನೋಡಿದ. ತಂಗಿಯ ಕಣ್ಣು ತುಂಬಿತ್ತು, ಸಿಟ್ಟೂ ಪೂರ್ತಿ ಇಳಿದಿರಲಿಲ್ಲ.

“ಸರಿ ಇದ್ಯಾ?”

“ಸರಿ ಇದೆ.”

“ಹಾಗಾದ್ರೆ ನೀನೇ ಕೊಡು” ಎಂದು ಕವರನ್ನು ನನ್ನ ಕೈಗೆ ಇಟ್ಟಳು. ಕೌಂಟರಿನವನು ಅದನ್ನು ತೆಗೆದುಕೊಂಡು ಹಿಂದಿನ ಬುಟ್ಟಿಗೆ ಹಾಕುವ ತನಕ ಇಬ್ಬರೂ ಕಣ್ಣು ಬಿಟ್ಟುಕೊಂಡು ನಿಂತೆವು.

ಈ ಸಲ ಕಚೇರಿಯಿಂದ ಕವರು ತಲುಪಿದ ಸುದ್ದಿ ಗುರುವಾರವೇ ಬಂತು. ಅಕ್ಟೋಬರಿನ ಮೊದಲ ಶನಿವಾರ, ಚುನಾವಣೆಯ ದಿನ, ಅಜ್ಜಿ ಮಣಿಸರ ಹಾಕಿಕೊಂಡು ಫೋಟೊದ ಮುಂದೆ ಕೂತರು. ನಾನು ಪಕ್ಕದಲ್ಲಿ. ತಂಗಿ ಲಿಟಲ್ ಎಲ್ಮ್‌ನಿಂದ ಫೋನಿನ ಸ್ಪೀಕರಿನಲ್ಲಿ. ಅಜ್ಜಿ ಆ ಎರಡು ಮಾತು ಹೇಳಿದರು. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಇನ್ನೂ ಏನೇನೋ ಹೇಳುತ್ತಾ ಹೋದರು, ನಡುವೆ ನನ್ನ ಕಡೆ ಬೆರಳು ತೋರಿಸಿದರು, ಅರಿಶಿನ ಕುಂಕುಮ ಹಚ್ಚುವ ಹಾಗೆ ಗಾಳಿಯಲ್ಲಿ ಕೈಯಾಡಿಸಿದರು.

“ಏನು ಹೇಳಿದಿರಿ ಅಜ್ಜಿ?”

“ಹೋದ ಸಲ ಹಾಕಿರಲಿಲ್ಲ ಎಂದೆ. ಯಾಕೆ ಅಂತಲೂ ಹೇಳಿದೆ.”

“ಏನಂದರು?”

ಅಜ್ಜಿ ಫೋಟೊವನ್ನು ದಿಟ್ಟಿಸಿ ನೋಡಿದರು. “ನಗುತ್ತಿದ್ದಾಳೆ.”

ಫೋನಿನೊಳಗಿಂದ ತಂಗಿಯ ದನಿ ಬಂತು. “ಅವ್ರು ನಗ್ಲಿ. ನಾನಿನ್ನೂ ಸ್ವಲ್ಪ ದಿನ ನಗಲ್ಲ. ಅಕ್ಕ, ಮುಂದಿನ ವಾರ ಬರ್ತೀನಿ, ಹೋಳಿಗೆ ಮಾಡಿಟ್ಟಿರು. ಈ ಸಲ ನಿನ್ ಮನೇಲೇ ಕೂತು ತಿಂತೀನಿ.”